ಗೆದ್ದ ಓಟ, ಕಳೆದುಕೊಂಡ ಪದಕ



ನೂರು ಮೀಟರ್ ಓಟ ನೋಡುವವರಿಗೆ ಹತ್ತು ಸೆಕೆಂಡಿನ ಸೊಗಸು. ಓಡುವವರಿಗೆ ಅದು ಹತ್ತು ಹನ್ನೆರಡು ವರ್ಷಗಳ ದುಡಿಮೆಯ ಫಲ. ಇಷ್ಟು ದುಡಿದವರೇ ಅಡ್ಡದಾರಿ ಹಿಡಿಯುವುದೇಕೆ? ಹಿಡಿದರೆ ಏನಾಗುತ್ತದೆ? ಕೆನಡಾದ ಓಟಗಾರ ಬೆನ್ ಜಾನ್ಸನ್ ಅವರ ಬದುಕು ಈ ಎರಡು ಪ್ರಶ್ನೆಗಳಿಗೂ ಉತ್ತರ ಹೇಳುತ್ತದೆ.

ಜಾನ್ಸನ್ ಹುಟ್ಟಿದ್ದು 1961ರಲ್ಲಿ, ಜಮೈಕಾದಲ್ಲಿ. 1976ರಲ್ಲಿ ಕುಟುಂಬದೊಡನೆ ಕೆನಡಾಕ್ಕೆ ಬಂದರು. ಅಲ್ಲಿ ತರಬೇತುದಾರ ಚಾರ್ಲಿ ಫ್ರಾನ್ಸಿಸ್ ಅವರ ಕೈಯಲ್ಲಿ ಪಳಗಿದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಚಿನ್ನ ಅಮೆರಿಕದ ಕಾರ್ಲ್ ಲೂಯಿಸ್ ಅವರ ಪಾಲಾಯಿತು. ಮೂರು ವರ್ಷಗಳ ನಂತರ ರೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಾನ್ಸನ್ 9.83 ಸೆಕೆಂಡಿನಲ್ಲಿ ಓಡಿ ಲೂಯಿಸ್ ಅವರನ್ನು ಸೋಲಿಸಿದರು. 1988ರ ಸೆಪ್ಟೆಂಬರ್ 24ರಂದು ಸೋಲ್ ಒಲಿಂಪಿಕ್ಸ್‌ನಲ್ಲಿ 9.79 ಸೆಕೆಂಡಿನಲ್ಲಿ ಗುರಿ ಮುಟ್ಟಿ ತಮ್ಮದೇ ದಾಖಲೆಯನ್ನು ಮುರಿದರು. ಕೆನಡಾ ಹಿಗ್ಗಿತು.

ಆ ಹಿಗ್ಗು ಮೂರು ದಿನವೂ ಪೂರ್ತಿಯಾಗಿ ಉಳಿಯಲಿಲ್ಲ. ಅವರ ಮೂತ್ರದ ಮಾದರಿಯಲ್ಲಿ ಸ್ಟ್ಯಾನೊಜೊಲಾಲ್ ಎಂಬ ಸ್ಟೆರಾಯ್ಡ್ ಪತ್ತೆಯಾಯಿತು. ಸೆಪ್ಟೆಂಬರ್ 27ರಂದು ಪದಕವನ್ನು ಹಿಂದಕ್ಕೆ ಪಡೆಯಲಾಯಿತು. ಚಿನ್ನ ಲೂಯಿಸ್ ಅವರಿಗೂ, ಬೆಳ್ಳಿ ಬ್ರಿಟನ್ನಿನ ಲಿನ್‌ಫರ್ಡ್ ಕ್ರಿಸ್ಟಿ ಅವರಿಗೂ, ಕಂಚು ನಾಲ್ಕನೆಯವರಾಗಿದ್ದ ಅಮೆರಿಕದ ಕ್ಯಾಲ್ವಿನ್ ಸ್ಮಿತ್ ಅವರಿಗೂ ಸಂದವು. ಓಟ ಮುಗಿದಾಗ ಸ್ಮಿತ್ ಅವರು ಪದಕವಿಲ್ಲದೆ ಮೈದಾನದಿಂದ ಹೊರನಡೆದಿದ್ದರು. ಪದಕ ಆಮೇಲೆ ಸಿಕ್ಕಿರಬಹುದು. ಗೆದ್ದ ಗಳಿಗೆಯ ಸಂತೋಷವನ್ನು ಯಾರು ತಾನೇ ಹಿಂದಕ್ಕೆ ಕೊಡಬಲ್ಲರು? ಉದ್ದೀಪನ ಮದ್ದಿನ ಪಿಡುಗಿನಲ್ಲಿ ನಾವು ಹೆಚ್ಚಾಗಿ ಮರೆಯುವುದು ಈ ನಾಲ್ಕನೆಯವರನ್ನೇ.

ಈ ಮದ್ದು ಮಾಡುವುದೇನು? ಪುರುಷರ ದೇಹದಲ್ಲಿ ಹೇರಳವಾಗಿರುವ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು ಸ್ನಾಯುಗಳನ್ನು ಬೆಳೆಸುತ್ತದೆ. ಅನಬಾಲಿಕ್ ಸ್ಟೆರಾಯ್ಡ್‌ಗಳು ಅದನ್ನು ಹೋಲುವ ಕೃತಕ ರಾಸಾಯನಿಕಗಳು. ಇವನ್ನು ಸೇವಿಸಿದವರ ಸ್ನಾಯು ಬೇಗ ಬಲಿಯುತ್ತದೆ, ದಣಿವು ಬೇಗ ಆರುತ್ತದೆ; ಹೆಚ್ಚು ಅಭ್ಯಾಸ ಸಾಧ್ಯವಾಗುತ್ತದೆ. ಆದರೆ ಯಕೃತ್ತು, ಹೃದಯಗಳಿಗೆ ಹಾನಿ ತಪ್ಪಿದ್ದಲ್ಲ. ಬೆಳೆಯುವ ವಯಸ್ಸಿನವರಲ್ಲಿ ಮೂಳೆಯ ಬೆಳವಣಿಗೆ ಅಕಾಲದಲ್ಲಿ ನಿಂತುಬಿಡಬಹುದು.

1989ರಲ್ಲಿ ಕೆನಡಾ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಚಾರ್ಲ್ಸ್ ಡ್ಯೂಬಿನ್ ಅವರ ವಿಚಾರಣೆಯ ಮುಂದೆ ಫ್ರಾನ್ಸಿಸ್ ಮತ್ತು ಜಾನ್ಸನ್ ಇಬ್ಬರೂ ಸತ್ಯ ಒಪ್ಪಿಕೊಂಡರು. ಜಾನ್ಸನ್ 1981ರಿಂದಲೇ ಸ್ಟೆರಾಯ್ಡ್ ಸೇವಿಸುತ್ತಿದ್ದರು! ಬೇರೆಯವರೂ ಸೇವಿಸುತ್ತಾರೆ, ಇಲ್ಲದಿದ್ದರೆ ಗೆಲ್ಲಲಾಗದು ಎಂಬುದು ತರಬೇತುದಾರರ ವಾದ. ರೋಮ್‌ನ ದಾಖಲೆಯೂ ರದ್ದಾಯಿತು. ಎರಡು ವರ್ಷಗಳ ನಿಷೇಧ ಮುಗಿಸಿ 1991ರಲ್ಲಿ ಮರಳಿದ ಜಾನ್ಸನ್, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ದಾಟಲಿಲ್ಲ. 1993ರಲ್ಲಿ ಮತ್ತೆ ಸಿಕ್ಕಿಬಿದ್ದರು. ಈ ಬಾರಿ ಆಜೀವ ನಿಷೇಧ.

ಅಷ್ಟು ವರ್ಷ ಅವರು ಸಿಕ್ಕಿಬೀಳದೆ ಉಳಿದದ್ದು ಹೇಗೆ? ಆಗ ಪರೀಕ್ಷೆ ಬಹುಪಾಲು ಸ್ಪರ್ಧೆಯ ದಿನ ಮಾತ್ರ ನಡೆಯುತ್ತಿತ್ತು. ಮದ್ದು ಅಭ್ಯಾಸದ ಕಾಲದಲ್ಲಿ ಕೆಲಸ ಮಾಡುತ್ತದೆ. ಸ್ಪರ್ಧೆಗೆ ಮುನ್ನ ನಿಲ್ಲಿಸಿದವರು ಪಾರಾಗುತ್ತಿದ್ದರು. 1999ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಸ್ಥಾಪನೆಯಾದ ಮೇಲೆ ನಿಯಮಗಳು ಎಲ್ಲ ದೇಶಗಳಿಗೂ ಒಂದೇ ಆಗತೊಡಗಿದವು. ಈಗ ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ಮನೆಗೇ ಬರುತ್ತಾರೆ. ಪ್ರಮುಖ ಕ್ರೀಡಾಪಟುಗಳು ತಾವು ಎಲ್ಲಿರುತ್ತೇವೆಂದು ಮೊದಲೇ ತಿಳಿಸಿರಬೇಕು. 2019ರ ವಿಶ್ವ ಚಾಂಪಿಯನ್ ಕ್ರಿಶ್ಚಿಯನ್ ಕೋಲ್‌ಮನ್ ಈ ನಿಯಮವನ್ನು ಮೂರು ಬಾರಿ ಪಾಲಿಸದ್ದಕ್ಕೆ ನಿಷೇಧಕ್ಕೊಳಗಾಗಿ ಟೋಕಿಯೊ ಒಲಿಂಪಿಕ್ಸ್ ಕಳೆದುಕೊಂಡರು. ಮಾದರಿಗಳನ್ನು ವರ್ಷಗಟ್ಟಲೆ ಕಾಪಿಟ್ಟು ಮತ್ತೆ ಪರೀಕ್ಷಿಸುತ್ತಾರೆ. 2008ರ ಬೀಜಿಂಗ್ ರಿಲೇಯಲ್ಲಿ ಓಡಿದ್ದ ಜಮೈಕಾದ ನೆಸ್ಟಾ ಕಾರ್ಟರ್ ಅವರ ಮಾದರಿ ಹೀಗೆಯೇ ಸಿಕ್ಕಿಬಿತ್ತು. 2017ರಲ್ಲಿ ಇಡೀ ತಂಡದ ಚಿನ್ನ ಹೋಯಿತು. ತಪ್ಪು ಮಾಡದ ಉಸೇನ್ ಬೋಲ್ಟ್ ಅವರ ಒಂಬತ್ತು ಒಲಿಂಪಿಕ್ ಚಿನ್ನಗಳು ಎಂಟಾದವು.

ನಮ್ಮ ಕರ್ನಾಟಕಕ್ಕೂ ಈ ನೋವಿನ ಪರಿಚಯವಿದೆ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2011ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಮಾತ್ರೆಯಿಂದ ಹೀಗಾಯಿತೆಂದು ಅವರೂ ಜೊತೆಯ ಓಟಗಾರ್ತಿಯರೂ ಹೇಳಿದರು. ಮೊದಲು ಒಂದು ವರ್ಷವಾಗಿದ್ದ ನಿಷೇಧವನ್ನು 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಎರಡು ವರ್ಷಕ್ಕೆ ಏರಿಸಿತು. ದೇಹದಲ್ಲಿ ಏನು ಸಿಕ್ಕರೂ ಹೊಣೆ ಆ ದೇಹದ ಒಡೆಯರದೇ. ನಿಯಮ ಕಠಿಣ ನಿಜ. ಆದರೆ ‘ಗೊತ್ತಿರಲಿಲ್ಲ’ ಎಂಬ ಮಾತಿನಿಂದಲೇ ಬಿಡುಗಡೆಯಾಗುವಂತಿದ್ದರೆ ಪ್ರತಿಯೊಬ್ಬರೂ ಅದನ್ನೇ ಹೇಳುತ್ತಿದ್ದರು.

ಎಲ್ಲರೂ ಸೇವಿಸಲಿ, ಆಗ ಸ್ಪರ್ಧೆ ಸಮವಾಗುತ್ತದಲ್ಲ ಎಂದು ಕೆಲವರು ಕೇಳುವುದುಂಟು. ಸಮವಾಗುವುದಿಲ್ಲ. ಮದ್ದು ಎಲ್ಲರ ದೇಹದಲ್ಲೂ ಒಂದೇ ರೀತಿ ಕೆಲಸ ಮಾಡದು. ಹಣವಿದ್ದವರಿಗೆ ನುರಿತ ವೈದ್ಯರು ಸಿಗುತ್ತಾರೆ, ಬಡವರಿಗೆ ಕಾಯಿಲೆ ಉಳಿಯುತ್ತದೆ. ಬರಿಗಾಲಿನಲ್ಲಿ ಓಡಲು ಕಲಿತ ಹಳ್ಳಿಯ ಹುಡುಗಿಯೂ ಆಗ ಮೈದಾನಕ್ಕೆ ಬರುವ ಮೊದಲು ಔಷಧಿ ಅಂಗಡಿಗೆ ಹೋಗಬೇಕಾದೀತು.

ಆದ್ದರಿಂದ ನಾಳೆ ಯಾರಾದರೂ ಒಂದು ಪುಡಿಯನ್ನೋ ಮಾತ್ರೆಯನ್ನೋ ಕೊಟ್ಟು ‘ಇದು ಬರೀ ಟಾನಿಕ್’ ಎಂದರೆ, ಅದೇನೆಂದು ಕೇಳಿ. ಕೊಡುವವರು ಗುರುಗಳೇ ಆಗಿದ್ದರೂ ಕೇಳಿ. ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಬೇಡವೆನ್ನಿ. ಸೋತವರು ಮುಂದಿನ ವರ್ಷ ಮತ್ತೆ ಓಡಬಹುದು.