ಇಡ್ಲಿ ತಿನ್ನುತ್ತಾ ಕಲಿತ ವ್ಯಾಪಾರ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಗೋಷ್ಠಿಯ ಸಂಚಾಲಕರು ನನಗೆ ಮೊದಲು ಕೊಟ್ಟಿದ್ದ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಗ್ರಾಮೀಣ ಮಕ್ಕಳಿಗೆ ಅವಕಾಶ’. ಅದನ್ನು ಬದಲಿಸಿಕೊಡಿ ಎಂದು ನಾನೇ ಕೇಳಿಕೊಂಡೆ. ಐವತ್ತು ವರ್ಷಗಳಲ್ಲಿ ಈ ಶಾಲೆಯಿಂದ ಹೊರಗೆ ಹೋದವರಲ್ಲಿ ಇಂಜಿನಿಯರುಗಳು, ಡಾಕ್ಟರುಗಳು ಎಷ್ಟು ಜನ? ಬೆರಳಿನಲ್ಲಿ ಎಣಿಸಬಹುದು. ಆದರೆ ಕಿರಾಣಿ ಅಂಗಡಿ, ಗ್ಯಾರೇಜು, ಹೋಟೆಲು, ಹೂವಿನ ವ್ಯಾಪಾರ, ಗಾರ್ಮೆಂಟ್ಸ್ ಕೆಲಸ, ವ್ಯವಸಾಯ ಮಾಡಿಕೊಂಡು ಬದುಕುತ್ತಿರುವವರು ನೂರಾರು ಜನ. ಸಾಧಕರಿಗೆ ಸನ್ಮಾನ ಎಂದಾಗ ನಾವು ಮುಂದಿನ ಸಾಲಿಗೆ ಬರುತ್ತೇವೆ, ಅವರು ಶಾಮಿಯಾನದ ಕೊನೆಯಲ್ಲಿ ನಿಂತಿರುತ್ತಾರೆ. ಈ ಮಾತು ಅವರಿಗಾಗಿ, ನಾಳೆ ಅದೇ ದಾರಿ ಹಿಡಿಯಲಿರುವ ಮಕ್ಕಳಿಗಾಗಿ.

ನಮ್ಮ ಕಡೆ ಒಂದು ನಂಬಿಕೆ ಇದೆ: ವ್ಯಾಪಾರ ಎಂಬುದು ರಕ್ತದಲ್ಲಿ ಬರಬೇಕು, ಇಲ್ಲವೇ ಸುಳ್ಳು ಹೇಳಲು ಬರಬೇಕು. ಎರಡೂ ನಿಜವಲ್ಲ ಎಂದು ನಾನು ತಿಳಿದದ್ದು ಯಾವ ಪುಸ್ತಕದಿಂದಲೂ ಅಲ್ಲ. ಬೆಂಗಳೂರು ನೋಡಲು ಬಂದ ನೆಂಟರನ್ನು ಸುತ್ತಾಡಿಸುತ್ತಾ, ನಡುನಡುವೆ ತಿಂಡಿ ತಿನ್ನುತ್ತಾ ತಿಳಿದದ್ದು. ವ್ಯಾಪಾರವೂ ಗಣಿತದ ಹಾಗೆ ಒಂದು ವಿದ್ಯೆ. ಕಣ್ಣು ಬಿಟ್ಟು ನೋಡಿದರೆ ಕಲಿಯಬಹುದು.

ಎರಡು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ಮಗ ಬೆಂಗಳೂರಿಗೆ ಬಂದ. ಅವನೂ ಇದೇ ಶಾಲೆಯವನು. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಎರಡು ಸಲ ಕೈಕೊಟ್ಟಿತು. ಆಮೇಲೆ ತಾಲ್ಲೂಕು ಕೇಂದ್ರದ ಒಂದು ಹೋಟೆಲಿನಲ್ಲಿ ಅಡುಗೆ ಭಟ್ಟರ ಕೈಕೆಳಗೆ ಕೆಲಸ ಕಲಿತ. ನಮ್ಮೂರ ಕ್ರಾಸಿನಲ್ಲಿ ಸ್ವಂತ ಹೋಟೆಲು ಹಾಕಬೇಕು ಎಂದು ಹೊರಟಿದ್ದ. ಅಡ್ವಾನ್ಸ್ ಕೊಡಲು ಚಿಕ್ಕಮ್ಮ ತಮ್ಮ ಚಿನ್ನದ ಸರವನ್ನು ಅಡ ಇಟ್ಟಿದ್ದರು. ‘ಮುಳುಗಿಸ್ತಾನೆ ನೋಡ್ತಿರು’ ಎಂದು ಹೇಳಿದವರೂ ಇದ್ದರು. ಅವರಲ್ಲಿ ಕೆಲವರು ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ. ಅವನ ಜೇಬಿನಲ್ಲಿ ಒಂದು ನೋಟ್‌ಬುಕ್ಕು ಇತ್ತು. ಅದರಲ್ಲಿ ಇಡ್ಲಿಯಿಂದ ಹಿಡಿದು ಗೋಬಿ ಮಂಚೂರಿವರೆಗೆ ಇಪ್ಪತ್ತೆರಡು ತಿಂಡಿಗಳ ಪಟ್ಟಿ. ‘ಗಿರಾಕಿ ಕೇಳಿದ್ದು ಇಲ್ಲ ಅನ್ನಬಾರದು ಅಣ್ಣ’ ಎಂದ.

ಶನಿವಾರ ಬೆಳಿಗ್ಗೆ ಮೊದಲು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಕರೆದುಕೊಂಡು ಹೋದೆ. 1965ರಿಂದ ನಡೆಯುತ್ತಿರುವ ಪುಟ್ಟ ಜಾಗ ಅದು. ಅಲ್ಲಿ ಸಿಗುವುದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಇಷ್ಟೇ ಎನ್ನಬಹುದು. ಸಾಂಬಾರ್ ಇಲ್ಲ. ಚಟ್ನಿ ಮಾತ್ರ, ಅದನ್ನು ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು. ಜನ ರಸ್ತೆಯ ಬದಿಯಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಕಾರಿನಲ್ಲಿ ಬಂದವರೂ ನಿಂತೇ ತಿನ್ನುತ್ತಿದ್ದರು.

‘ಸಾಂಬಾರ್ ಇಲ್ಲದೆ ಹೋಟ್ಲು ನಡೀತದಾ ಅಣ್ಣ?’ ಎಂದು ತಮ್ಮ ಕೇಳಿದ.

‘ನಡೀತಾ ಇದೆಯಲ್ಲ, ನೀನೇ ನೋಡು’ ಎಂದೆ.

ಅಲ್ಲಿಂದ ನಡೆದುಕೊಂಡೇ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋದೆವು. ಹೆಸರೇ ಹೇಳುವಂತೆ ಅದು ವಿದ್ಯಾರ್ಥಿಗಳಿಗಾಗಿ 1943ರಲ್ಲಿ ಶುರುವಾದ ತಿಂಡಿಮನೆ. ಬಾಗಿಲಲ್ಲಿ ಕಾಯಬೇಕು. ಕೂತ ಮೇಲೆ ಮಾಣಿ ಒಂದರ ಮೇಲೊಂದು ದೋಸೆ ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಜೋಡಿಸಿಕೊಂಡು ಬರುವುದನ್ನು ನೋಡಲೆಂದೇ ಜನ ಬರುತ್ತಾರೆ. ಅಲ್ಲಿಯೂ ಪಟ್ಟಿ ಚಿಕ್ಕದು. ಶುಕ್ರವಾರ ರಜೆ. ವಾರಕ್ಕೆ ಒಂದು ದಿನ ಬಾಗಿಲು ಹಾಕಿದರೆ ಗಿರಾಕಿ ಕೈತಪ್ಪುತ್ತಾನೆ ಎಂದು ನಾವು ಹೆದರುತ್ತೇವೆ. ಎಂಬತ್ತು ವರ್ಷ ದಾಟಿದ ಹೋಟೆಲಿಗೆ ಆ ಹೆದರಿಕೆ ಇಲ್ಲ.

ಇಲ್ಲಿ ನಾನು ಗಮನಿಸಿದ ಮೊದಲ ಪಾಠ: ಬಹಳ ಕಾಲ ನಿಂತ ವ್ಯಾಪಾರಗಳು ಏನು ಮಾಡಬೇಕು ಎಂಬುದಕ್ಕಿಂತ ಮೊದಲು ಏನು ಮಾಡಬಾರದು ಎಂದು ತೀರ್ಮಾನ ಮಾಡಿವೆ. ಇಪ್ಪತ್ತೆರಡು ತಿಂಡಿ ಮಾಡಬೇಕಾದರೆ ಇಪ್ಪತ್ತೆರಡಕ್ಕೂ ಸಾಮಾನು ತಂದಿಡಬೇಕು. ಖರ್ಚಾಗದ್ದು ಸಂಜೆ ತಿಪ್ಪೆಗೆ ಹೋಗುತ್ತದೆ. ಐದೇ ತಿಂಡಿ ಮಾಡಿದರೆ ಕೈ ಪಳಗುತ್ತದೆ, ರುಚಿ ದಿನವೂ ಒಂದೇ ಇರುತ್ತದೆ, ಮಿಕ್ಕುವುದು ಕಡಿಮೆ.

ಎರಡನೆಯ ಪಾಠ ದರ್ಶಿನಿಯದು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಯೋಜನೆಯಂತೆ ಕೆಫೆ ದರ್ಶಿನಿ ಆರಂಭವಾಯಿತು. ಮೊದಲು ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳುವುದು, ನಿಂತು ತಿನ್ನುವುದು, ಅಡುಗೆ ಕಣ್ಣೆದುರಿಗೇ ಆಗುವುದು, ಇದೇ ಅದರ ಕ್ರಮ. ಇವತ್ತು ಬೆಂಗಳೂರಿನಲ್ಲಿ ದರ್ಶಿನಿ ಇಲ್ಲದ ಬಡಾವಣೆ ಹುಡುಕುವುದು ಕಷ್ಟ. ಇದರ ಹಿಂದಿನ ಲೆಕ್ಕವನ್ನು ಹತ್ತನೇ ತರಗತಿಯ ಮಕ್ಕಳು ಈಗಲೇ ಮಾಡಿ ನೋಡಿ. ಹದಿನಾರು ಕುರ್ಚಿಯ ಹೋಟೆಲಿನಲ್ಲಿ ಒಬ್ಬರು ಇಪ್ಪತ್ತು ನಿಮಿಷ ಕೂತರೆ ಗಂಟೆಗೆ ನಲವತ್ತೆಂಟು ಗಿರಾಕಿ. ಹದಿನಾರು ಜನ ನಿಂತು ಎಂಟು ನಿಮಿಷದಲ್ಲಿ ತಿಂದು ಹೊರಟರೆ ಗಂಟೆಗೆ ನೂರಿಪ್ಪತ್ತು. ನಿಲ್ಲಲು ಕಡಿಮೆ ಜಾಗ ಸಾಕಾದ್ದರಿಂದ ಬಾಡಿಗೆಯೂ ಉಳಿಯುತ್ತದೆ. ಅದಕ್ಕೇ ಅಲ್ಲಿ ಕಡಿಮೆ ಬೆಲೆಗೆ ಒಳ್ಳೆಯ ಇಡ್ಲಿ ಕೊಡಲು ಸಾಧ್ಯ. ಈ ಲೆಕ್ಕವನ್ನು ತಮ್ಮ ನಿಂತ ಜಾಗದಲ್ಲೇ ಬಾಯಲ್ಲಿ ಮಾಡಿದ. ಗಣಿತದಲ್ಲಿ ಎರಡು ಸಲ ಫೇಲಾದವನು ಅವನೇ.

ಮಧ್ಯಾಹ್ನ ಲಾಲ್‌ಬಾಗ್ ಸುತ್ತಿದೆವು. ಹೈದರಾಲಿಯ ಕಾಲದ ತೋಟ, 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆ, ಅದಕ್ಕಿಂತ ಎಷ್ಟೋ ಹಳೆಯ ಬಂಡೆ, ಎಲ್ಲ ನೋಡಿದ ಮೇಲೆ ಪಕ್ಕದ ಲಾಲ್‌ಬಾಗ್ ರಸ್ತೆಯ ಎಂಟಿಆರ್. ಉಡುಪಿಯ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ ಹೋಟೆಲು ಅದು. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದರು. ಬಂದವರು ಪಾತ್ರೆಗಳನ್ನು ಹಬೆಯಲ್ಲಿ ತೊಳೆಯುವ ಪದ್ಧತಿ ತಂದರು. ಗಿರಾಕಿಗಳು ಅಡುಗೆಮನೆಯನ್ನು ಹಾದು ಒಳಗೆ ಹೋಗುವ ವ್ಯವಸ್ಥೆಯೂ ಅಲ್ಲಿತ್ತು. ಯೋಚನೆ ಮಾಡಿ, ನಮ್ಮ ಎಷ್ಟು ಹೋಟೆಲುಗಳು ಅಡುಗೆಮನೆಯ ಬಾಗಿಲು ತೆರೆದಿಡಬಲ್ಲವು? ‘ನಮ್ಮಲ್ಲಿ ಶುಚಿ ರುಚಿ’ ಎಂದು ಬೋರ್ಡು ಬರೆಸುವುದು ಸುಲಭ, ಬಾಗಿಲು ತೆರೆದಿಡುವುದು ಕಷ್ಟ. ನಂಬಿಕೆ ಹುಟ್ಟುವುದು ಬಾಗಿಲಿನಿಂದ.

ಎಂಟಿಆರ್‌ನ ಇನ್ನೊಂದು ಸಂಗತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವಾದಾಗ ಅವರು ರವೆಯಲ್ಲಿ ಇಡ್ಲಿ ಮಾಡಿದರು, ರವೆ ಇಡ್ಲಿ ಬಂದದ್ದು ಹಾಗೆ ಎಂದು ಆ ಸಂಸ್ಥೆ ಹೇಳಿಕೊಳ್ಳುತ್ತದೆ. ಮುಂದೆ 1970ರ ದಶಕದ ತುರ್ತುಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗಳಿಗೆ ಸರ್ಕಾರ ಕಡಿಮೆ ದರ ನಿಗದಿ ಮಾಡಿತು. ಆ ದರಕ್ಕೆ ಹೊಂದಿಸಲು ತುಪ್ಪ ಎಣ್ಣೆಯಲ್ಲಿ ಕೈ ಬಿಗಿ ಹಿಡಿಯಬಹುದಿತ್ತು. ಅವರು ಗುಣಮಟ್ಟ ಇಳಿಸಲಿಲ್ಲ. ನಷ್ಟ ತಡೆಯಲಾರದಷ್ಟಾದಾಗ ಹೋಟೆಲನ್ನೇ ಮುಚ್ಚಿದರು. ಆ ಹೊತ್ತಿನಲ್ಲಿ ತಿಂಡಿಯ ಹಿಟ್ಟುಗಳನ್ನೂ ಪುಡಿಗಳನ್ನೂ ಪ್ಯಾಕೆಟ್ಟಿನಲ್ಲಿ ಮಾರುವ ಕೆಲಸಕ್ಕೆ ಇಳಿದರು. ಹೋಟೆಲ್ ಮತ್ತೆ ತೆರೆಯಿತು. ಪ್ಯಾಕೆಟ್ಟಿನ ವ್ಯಾಪಾರ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಅದನ್ನು ಕೊಂಡುಕೊಂಡಿತು. ಕಟ್ಟಡ ಮುಚ್ಚಿದರೂ ಕೈಯಲ್ಲಿರುವ ಹದ ಮುಚ್ಚಿಹೋಗುವುದಿಲ್ಲ, ಇದು ಮೂರನೆಯ ಪಾಠ.

ಮರುದಿನ ಕೋಳಿ ಕೂಗುವ ಹೊತ್ತಿಗೆ ಕೆ.ಆರ್. ಮಾರ್ಕೆಟ್ಟಿಗೆ ಹೋದೆವು. ಸೇವಂತಿಗೆ, ಚೆಂಡು ಹೂವು, ಕನಕಾಂಬರ, ಮಲ್ಲಿಗೆ, ಕಾಲಿಡಲು ಜಾಗವಿಲ್ಲ. ಮುಂಜಾನೆ ಒಂದು ಬೆಲೆ ಹೇಳಿದವರು ಬಿಸಿಲು ಏರಿದಂತೆ ಇನ್ನೊಂದು ಬೆಲೆ ಹೇಳುತ್ತಾರೆ. ಅದು ಮೋಸ ಅಲ್ಲ. ಹೂವು ಕಾಯುವುದಿಲ್ಲ. ಮಧ್ಯಾಹ್ನ ಬಾಡುವ ಸರಕಿಗೆ ಬೆಳಗಿನ ಬೆಲೆ ಹಿಡಿದು ಕೂತರೆ ಬುಟ್ಟಿ ಹೊತ್ತು ವಾಪಸ್ಸು ಹೋಗಬೇಕು. ಇಡ್ಲಿ ಹಿಟ್ಟೂ ಹೂವಿನ ಜಾತಿಗೇ ಸೇರಿದ್ದು. ನಾಳೆ ಎಷ್ಟು ಖರ್ಚಾಗುತ್ತದೆ ಎಂದು ಇವತ್ತೇ ಅಂದಾಜು ಮಾಡಬೇಕು. ಸಂತೆಯ ದಿನ ಎಷ್ಟು, ಅಮಾವಾಸ್ಯೆಯ ದಿನ ಎಷ್ಟು, ಶಾಲೆಗೆ ರಜೆ ಇದ್ದಾಗ ಎಷ್ಟು, ಬರೆದಿಟ್ಟುಕೊಂಡರೆ ಮಾತ್ರ ಆ ಅಂದಾಜು ಬರುತ್ತದೆ.

ಅಂದು ಮನೆಗೆ ಬಂದು ಇಬ್ಬರೂ ನೋಟ್‌ಬುಕ್ಕು ತೆಗೆದು ಕೂತೆವು. ಒಂದು ಪ್ಲೇಟ್ ಇಡ್ಲಿಗೆ ಎಷ್ಟು ಬೀಳುತ್ತದೆ? ಅವನು ಗ್ಯಾಸು, ಎಣ್ಣೆ, ಉದ್ದಿನಬೇಳೆ ಬರೆದ. ಅಕ್ಕಿಗೆ ಸೊನ್ನೆ ಹಾಕಿದ, ಯಾಕೆಂದರೆ ಅದು ಮನೆಯ ಗದ್ದೆಯದು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಚಟ್ನಿ ರುಬ್ಬಿ ಒಲೆ ಹಚ್ಚುವ ಚಿಕ್ಕಮ್ಮನ ಕೆಲಸಕ್ಕೆ ಏನೂ ಬರೆಯಲೇ ಇಲ್ಲ. ಬಂಧುಗಳೇ, ನಮ್ಮ ಹಳ್ಳಿಯ ವ್ಯಾಪಾರಗಳು ಮುಳುಗುವುದು ಬಹಳ ಸಲ ಇಲ್ಲೇ. ಪೇಟೆಯವನು ಅಕ್ಕಿಗೂ ದುಡ್ಡು ಕೊಡುತ್ತಾನೆ, ಆಳಿಗೂ ಸಂಬಳ ಕೊಡುತ್ತಾನೆ, ಅದೆಲ್ಲ ಅವನ ಬೆಲೆಯಲ್ಲಿ ಸೇರಿರುತ್ತದೆ. ನಾವು ಮನೆಯ ಅಕ್ಕಿ, ಮನೆಯ ಹಾಲು, ಮನೆಯ ಹೆಂಗಸರ ದುಡಿಮೆ ಎಲ್ಲವನ್ನೂ ಪುಕ್ಕಟೆ ಎಂದು ಲೆಕ್ಕ ಹಾಕಿ ‘ಲಾಭ ಬಂತು’ ಎನ್ನುತ್ತೇವೆ. ಅದು ಲಾಭ ಅಲ್ಲ, ಅಮ್ಮನ ಕೂಲಿ. ಚಿಕ್ಕಮ್ಮನ ಕೂಲಿ ಸೇರಿಸಿದ ಮೇಲೆ ಪ್ಲೇಟಿನ ಬೆಲೆ ಅವನು ಅಂದುಕೊಂಡಿದ್ದಕ್ಕಿಂತ ಐದು ರೂಪಾಯಿ ಹೆಚ್ಚಾಯಿತು. ಪಟ್ಟಿಯಲ್ಲಿದ್ದ ಇಪ್ಪತ್ತೆರಡರಲ್ಲಿ ಉಳಿದದ್ದು ತಟ್ಟೆ ಇಡ್ಲಿ, ವಡೆ, ಚಿತ್ರಾನ್ನ, ಟೀ.

ಆದರೆ ಪೇಟೆಯ ಪಾಠವೆಲ್ಲ ಹಾಗೆಹಾಗೆಯೇ ಊರಿಗೆ ಹೊಂದುವುದಿಲ್ಲ. ಟೋಕನ್ ಪದ್ಧತಿಯನ್ನೇ ತೆಗೆದುಕೊಳ್ಳಿ. ದರ್ಶಿನಿಯಲ್ಲಿ ಉದ್ರಿಯ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಅಲ್ಲಿ ಯಾರೂ ಯಾರಿಗೂ ಮಾವ ಅಲ್ಲ, ಭಾವ ಅಲ್ಲ. ನಮ್ಮ ಕ್ರಾಸಿನಲ್ಲಿ ‘ಮೊದಲು ದುಡ್ಡು ಕೊಡು ಮಾವ’ ಎಂದರೆ ಮಾವ ತಿಂಡಿಯನ್ನೂ ಬಿಡುತ್ತಾನೆ, ಮಾತನ್ನೂ ಬಿಡುತ್ತಾನೆ. ‘ಇಂದು ನಗದು ನಾಳೆ ಉದ್ರಿ’ ಎಂದು ಬೋರ್ಡು ಹಾಕಿದ ಎಷ್ಟೋ ಅಂಗಡಿಗಳು ಉದ್ರಿಯಿಂದಲೇ ಮುಚ್ಚಿದ್ದನ್ನು ನಾವೆಲ್ಲ ನೋಡಿದ್ದೇವೆ. ಹಾಗೆಂದು ವಾರಕ್ಕೊಮ್ಮೆ ಬಟವಾಡೆ ಆಗುವ ಕೂಲಿಯವರಿಗೆ ಉದ್ರಿ ಇಲ್ಲ ಎಂದರೆ ಅವರು ಆರು ದಿನ ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ಹೋಗಬೇಕು.

ಇದಕ್ಕೆ ನನ್ನ ಬಿ.ಇ. ಓದಿನಲ್ಲಿ ಉತ್ತರ ಇರಲಿಲ್ಲ. ತಮ್ಮನೇ ಉತ್ತರ ಕಂಡುಕೊಂಡ. ಕೂಲಿಯವರಿಗೆ ಒಬ್ಬೊಬ್ಬರಿಗೆ ಒಂದು ಚಿಕ್ಕ ಪುಸ್ತಕ. ತಿಂದದ್ದನ್ನು ಅವರ ಎದುರಿಗೇ ಬರೆಯುವುದು, ಪುಸ್ತಕ ಅವರ ಹತ್ತಿರವೇ ಇರುವುದು, ಸಂತೆಯ ದಿನ ಚುಕ್ತಾ ಮಾಡುವುದು. ದುಡ್ಡಿದ್ದೂ ಉದ್ರಿ ಹೇಳುವ ನೆಂಟರಿಗೆ ಆ ಪುಸ್ತಕ ಇಲ್ಲ. ಎಂಟಿಆರ್ ತೆರೆದಿಟ್ಟದ್ದು ಅಡುಗೆಮನೆಯನ್ನು, ಇವನು ತೆರೆದಿಟ್ಟದ್ದು ಲೆಕ್ಕದ ಪುಸ್ತಕವನ್ನು. ಎರಡೂ ಕಡೆ ನಂಬಿಕೆಯ ದಾರಿ ಒಂದೇ.

ಮೊದಲ ನಾಲ್ಕು ತಿಂಗಳು ಲಾಭ ಬರಲಿಲ್ಲ. ಚಿಕ್ಕಪ್ಪ ಮಾತು ಬಿಟ್ಟಿದ್ದರು. ಆಮೇಲೆ ನಿಧಾನವಾಗಿ ಕೈ ಕುದುರಿತು. ಕಳೆದ ಯುಗಾದಿಗೆ ಸರ ಬಿಡಿಸಿಕೊಂಡು ಬಂದು ಅವರಮ್ಮನ ಕೈಗೆ ಕೊಟ್ಟ. ಈಗ ಎದುರಿಗೇ ಇನ್ನೊಂದು ಹೋಟೆಲು ಬಂದಿದೆ, ಮುಂದೇನಾಗುತ್ತದೋ ಹೇಳಲಾಗದು. ಎಲ್ಲ ಸರಿಯಾಗಿ ಮಾಡಿದರೂ ವ್ಯಾಪಾರದಲ್ಲಿ ಭರವಸೆಯ ಚೀಟಿ ಯಾರೂ ಬರೆದುಕೊಡುವುದಿಲ್ಲ. ಇಂದು ಬೆಳಿಗ್ಗೆ ನೀವೆಲ್ಲ ತಿಂದು ಚೆನ್ನಾಗಿದೆ ಎಂದ ತಟ್ಟೆ ಇಡ್ಲಿ ಅವನದೇ. ಹೆಸರು ಹೇಳಬೇಡ ಅಣ್ಣ ಎಂದಿದ್ದಾನೆ. ಹೇಳುವುದಿಲ್ಲ, ಊರಿಗೆಲ್ಲ ಗೊತ್ತಿದೆ.

ಕೊನೆಯದಾಗಿ ಮೂರು ಮನವಿ. ಪೇಟೆಯಲ್ಲಿರುವ ಹಳೆಯ ವಿದ್ಯಾರ್ಥಿಗಳೇ, ಊರಿನ ಹುಡುಗರು, ಹುಡುಗಿಯರು ಬಂದಾಗ ವಿಧಾನಸೌಧದ ಮುಂದೆ ಫೋಟೋ ತೆಗೆಸಿದರೆ ಸಾಲದು. ಒಂದು ಹೋಟೆಲಿನ, ಒಂದು ಮಾರ್ಕೆಟ್ಟಿನ ಮುಂದೆ ಒಂದು ಗಂಟೆ ನಿಲ್ಲಿಸಿ, ಎಣಿಸಲು ಹೇಳಿ. ಗುರುಗಳೇ, ಶೇಕಡಾವಾರು, ಲಾಭ ನಷ್ಟದ ಪಾಠ ಮಾಡುವಾಗ ಒಂದು ದಿನ ಮಕ್ಕಳನ್ನು ನಮ್ಮ ಸಂತೆಗೆ ಕರೆದುಕೊಂಡು ಹೋಗಿ. ಊರಿನ ಹಿರಿಯರೇ, ಅಂಗಡಿ ಇಡುತ್ತೇನೆ ಎಂದು ಬರುವ ಮಕ್ಕಳಿಗೆ ‘ಮುಳುಗುತ್ತೀಯ’ ಎನ್ನುವ ಮೊದಲು ‘ಲೆಕ್ಕ ಬರೆದಿದ್ದೀಯಾ?’ ಎಂದು ಕೇಳಿ. ಮುಂದಿನ ಸನ್ಮಾನದ ಪಟ್ಟಿಯಲ್ಲಿ ಅಂಥವರ ಹೆಸರೂ ಇರಲಿ.

 ನಮ್ಮ ಶಾಲೆ ನೂರು ವರ್ಷ ಕಾಣಲಿ.