ಹ್ಯಾಂಡಲನ್ನು ಎತ್ತರಿಸುವ ಮುಂಚೆ

(ಮುಂಬಯಿಯಲ್ಲಿ ನಮ್ಮ ಸಂಘದ ಪಾರ್ಸೆಲ್ ಸವಾರರ ಸಭೆಯಲ್ಲಿ ಆಡಿದ ಮಾತಿನ ಪಾಠ)



ಕೂಲಿ, ರಜೆ, ಬೋನಸು ಇವುಗಳ ವಿಷಯವನ್ನು ನಾವು ಪ್ರತಿ ಸಭೆಯಲ್ಲಿಯೂ ಮಾತಾಡುತ್ತ ಬಂದಿದ್ದೇವೆ, ಮುಂದೆಯೂ ಮಾತಾಡುತ್ತೇವೆ. ಈ ಹೊತ್ತು ಮಾತ್ರ ಮೋಟಾರು ಸೈಕಲ್ಲಿನ ಹ್ಯಾಂಡಲಿನ ವಿಷಯ ಹೇಳಬೇಕೆಂದು ನಿಂತಿದ್ದೇವೆ. ಇದೇನು ಸಭೆಯಲ್ಲಿ ಆಡುವ ಮಾತೇ ಎಂದು ನಗಬೇಡಿ. ದಿನಕ್ಕೆ ಹತ್ತು ಗಂಟೆ ಕೈ ಚಾಚಿ ಹಿಡಿಯುವ ವಸ್ತು ಅದು. ಅದು ಮೈಗೆ ಹೊಂದದಿದ್ದರೆ ಮೊದಲು ಅಂಗೈ ನೋಯುತ್ತದೆ, ಆಮೇಲೆ ಕುತ್ತಿಗೆ ಹಿಡಿಯುತ್ತದೆ, ಕೊನೆಗೆ ರಜೆ ಹಾಕಬೇಕಾಗುತ್ತದೆ. ರಜೆ ಹಾಕಿದ ದಿನ ಪಾರ್ಸೆಲ್ ಸವಾರನಿಗೆ ದುಡ್ಡಿಲ್ಲ. ಆದುದರಿಂದ ಇದೂ ಕೂಲಿಯ ಮಾತೇ.

ನಾವು ಹೋಟೆಲಿನ ಅಡಿಗೆಮನೆಯಲ್ಲಿ ಬೆಳೆದವರು. ದೋಸೆ ಕಾವಲಿಯ ಮುಂದೆ ಗಿಡ್ಡ ಆಳು ನಿಂತರೆ ಹಳೆಯ ಭಟ್ಟರು ಅವನ ಕಾಲ ಕೆಳಗೆ ಒಂದು ಮರದ ಹಲಗೆ ಹಾಕಿಸುತ್ತಿದ್ದರು. ಕಾವಲಿಯನ್ನು ತಗ್ಗಿಸಲಾಗದು, ಆಳನ್ನು ಎತ್ತರಿಸಬಹುದು ಎಂಬುದು ಅವರ ಲೆಕ್ಕ. ಮೋಟಾರು ಸೈಕಲ್ಲಿಗೆ ಹಾಕುವ ರೈಸರ್ ಎಂಬುದೂ ಅಂತಹ ಹಲಗೆಯೇ. ಹ್ಯಾಂಡಲಿನ ಕೊಳವೆಯನ್ನು ಹಿಡಿದುಕೊಂಡಿರುವ ಕ್ಲ್ಯಾಂಪಿನ ಜಾಗದಲ್ಲಿ ಕೂಡಿಸುವ ಲೋಹದ ತುಂಡು ಅದು. ಹ್ಯಾಂಡಲು ಮೇಲೇಳುತ್ತದೆ, ಸವಾರ ಬಗ್ಗುವುದು ಕಡಿಮೆಯಾಗುತ್ತದೆ.

ಆದರೆ ಅಡಿಗೆಮನೆಯ ಹಲಗೆ ಜಾರಿದರೆ ಹಿಟ್ಟು ಚೆಲ್ಲೀತು. ಹ್ಯಾಂಡಲಿನ ಹಲಗೆ ಜಾರಿದರೆ ಆಳೇ ಚೆಲ್ಲಿಹೋಗುತ್ತಾನೆ. ಅದಕ್ಕಾಗಿಯೇ ಅಂಗಡಿಗೆ ಹೋಗುವ ಮುಂಚೆ ಅಳತೆ ತೆಗೆದುಕೊಳ್ಳಿ ಎಂದು ನಾವು ಹೇಳುವುದು.

ಮೊದಲು ನೋವು ಎಲ್ಲಿದೆ ಎಂದು ನೋಡಬೇಕು. ಅಂಗೈಯ ಬುಡ, ಮಣಿಕಟ್ಟು, ಕುತ್ತಿಗೆ ಈ ಮೂರೂ ಒಟ್ಟಿಗೆ ನೋಯುತ್ತಿದ್ದರೆ ಮೈಯ ಭಾರ ಕೈಯ ಮೇಲೆ ಬೀಳುತ್ತಿದೆ ಎಂದು ತಿಳಿಯಬಹುದು. ಹ್ಯಾಂಡಲು ತಗ್ಗಾಗಿದೆ, ಇಲ್ಲವೆ ದೂರವಾಗಿದೆ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈಯ ಹೊರಬದಿಯ ನರ ಒತ್ತಿಕೊಳ್ಳುತ್ತಿರಬಹುದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮಾದರೆ ಮಣಿಕಟ್ಟು ಬಹಳ ಮಡಿಸಿರುವ ಲಕ್ಷಣವಾಗಿರಬಹುದು. ಗಾಡಿಯಿಂದ ಇಳಿದ ಮೇಲೂ, ರಾತ್ರಿ ಮಲಗಿದಾಗಲೂ ಜೋಮು ಬಿಡದಿದ್ದರೆ ರೈಸರ್ ಹುಡುಕುತ್ತ ಕೂರಬೇಡಿ, ಡಾಕ್ಟರರ ಬಳಿಗೆ ಹೋಗಿ. ಸೊಂಟ ಮಾತ್ರ ನೋಯುತ್ತಿದ್ದರೆ ದೋಷ ಸೀಟಿನದೋ ಹಿಂದಿನ ಶಾಕಿನದೋ ಆಗಿರಬಹುದು. ಹ್ಯಾಂಡಲು ಎತ್ತರಿಸಿದರೆ ಅದು ಇನ್ನೂ ಹೆಚ್ಚೀತು. ಯಾಕೆಂದರೆ ನೆಟ್ಟಗೆ ಕೂತವನಿಗೆ ರಸ್ತೆಯ ಹೊಂಡದ ಪೆಟ್ಟು ನೇರವಾಗಿ ಬೆನ್ನುಹುರಿಗೆ ಏರುತ್ತದೆ.

ಎರಡನೆಯದಾಗಿ, ದುಡ್ಡಿಲ್ಲದೆ ಆಗುವ ಕೆಲಸಗಳನ್ನು ಮೊದಲು ಮುಗಿಸಿ. ಪಾರ್ಸೆಲ್ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ಕೂತು ಸವಾರನನ್ನು ಟಾಂಕಿಯ ಕಡೆಗೆ ತಳ್ಳುತ್ತದೆ. ಮುಂದೆ ಸರಿದವನ ಮಣಿಕಟ್ಟು ತಾನಾಗಿ ಮಡಿಸುತ್ತದೆ. ಪೆಟ್ಟಿಗೆಯನ್ನು ನಾಲ್ಕು ಬೆರಳು ಹಿಂದಕ್ಕೆ ಕಟ್ಟಿದರೆ ಅರ್ಧ ನೋವು ಹೋದವರಿದ್ದಾರೆ. ಚೀಲವನ್ನು ಬೆನ್ನಿಗೆ ಹಾಕಿಕೊಳ್ಳುವವರು ಅದನ್ನು ಕ್ಯಾರಿಯರಿಗೆ ಇಳಿಸಿ ನೋಡಬೇಕು. ಕೊಳವೆಯ ಹ್ಯಾಂಡಲು ಇರುವ ಗಾಡಿಯಲ್ಲಿ ಕ್ಲ್ಯಾಂಪನ್ನು ಸಡಿಲಿಸಿ ಹ್ಯಾಂಡಲನ್ನು ಸ್ವಲ್ಪ ಹಿಂದಕ್ಕೆ ಹೊರಳಿಸಬಹುದು. ಬ್ರೇಕು, ಕ್ಲಚ್ಚುಗಳ ಹಿಡಿಯನ್ನು ಬೆರಳು ಚಾಚಿದ ನೇರಕ್ಕೆ ತಿರುಗಿಸಬಹುದು. ಇಷ್ಟರಿಂದಲೇ ಸರಿಹೋದರೆ ರೈಸರಿನ ದುಡ್ಡು ಮನೆಗೆ ಕಳುಹಿಸಿ.

ಇಷ್ಟಾದರೂ ಸಾಲದಿದ್ದರೆ ಅಳತೆಗೆ ಇಳಿಯೋಣ. ಗಾಡಿಯನ್ನು ಸಮನೆಲದಲ್ಲಿ ದೊಡ್ಡ ಸ್ಟ್ಯಾಂಡಿಗೆ ಹಾಕಿ ನೀವು ದಿನವೂ ಕೂರುವ ಜಾಗದಲ್ಲೇ ಕೂರಿ. ಭುಜ ಇಳಿಬಿಟ್ಟು, ಮೊಣಕೈ ತುಸು ಮಡಿಸಿ, ಕಣ್ಣು ಮುಚ್ಚಿ ಕೈ ಮುಂದೆ ಚಾಚಿ. ಅಂಗೈ ತಾನಾಗಿ ಎಲ್ಲಿ ನಿಲ್ಲುವುದೋ ಅಲ್ಲಿಂದ ಹ್ಯಾಂಡಲಿನ ಹಿಡಿಕೆಗೆ ಎಷ್ಟು ಅಂತರವೆಂದು ಗೆಳೆಯನೊಬ್ಬ ಟೇಪು ಹಿಡಿದು ನೋಡಲಿ. ಎಷ್ಟು ಮೇಲೆ, ಎಷ್ಟು ಹಿಂದೆ ಎಂದು ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಪಕ್ಕದಿಂದ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದರೆ ಇನ್ನೂ ಚೆನ್ನು. ಬೆನ್ನು ಎಷ್ಟು ಬಾಗಿದೆ ಎಂಬುದು ನಮಗೇ ಕಾಣುತ್ತದೆ.

ಅಂಗಡಿಗಳಲ್ಲಿ 20, 25, 30, 40, 50 ಮಿಲಿಮೀಟರಿನ ರೈಸರುಗಳು ಸಿಗುತ್ತವೆ. ಹೆಚ್ಚು ಎತ್ತರದ್ದು ಹೆಚ್ಚು ಸುಖವೆಂದು ಭಾವಿಸಬೇಡಿ. ಮುಂದಿನ ಫೋರ್ಕು ನೆಟ್ಟಗಿರದೆ ಹಿಂದಕ್ಕೆ ಓರೆಯಾಗಿರುವುದರಿಂದ, ನೇರವಾದ ರೈಸರ್ ಹಾಕಿದರೂ ಹ್ಯಾಂಡಲು ಮೇಲೇಳುವ ಜೊತೆಗೆ ಹಿಂದಕ್ಕೂ ಬರುತ್ತದೆ. ಫೋರ್ಕಿನ ಓರೆ 26 ಡಿಗ್ರಿ ಇದ್ದರೆ 30 ಮಿಲಿಮೀಟರಿನ ರೈಸರಿನಿಂದ ಹ್ಯಾಂಡಲು ಸುಮಾರು 27 ಮಿಲಿಮೀಟರ್ ಮೇಲೆ, 13 ಮಿಲಿಮೀಟರ್ ಹಿಂದೆ ಬರುತ್ತದೆ. ಕೇಳಲು ಅಲ್ಪವೆನಿಸಿದರೂ ಮಣಿಕಟ್ಟಿಗೆ ಅದು ಅಲ್ಪವಲ್ಲ. ಎತ್ತರ ಸಾಕು, ದೂರ ಮಾತ್ರ ಹೆಚ್ಚು ಎನ್ನುವವರಿಗೆ ಹಿಂದಕ್ಕೆ ಎಳೆಯುವ ಬಗೆಯ ಬೇರೆ ರೈಸರುಗಳಿವೆ. ಹ್ಯಾಂಡಲು ಅತಿಯಾಗಿ ಎದ್ದರೆ ಭುಜ ಕಿವಿಯ ಕಡೆಗೆ ಏರುತ್ತದೆ, ತೋಳು ಸೋಲುತ್ತದೆ. ಒಂದು ನೋವು ಕೊಟ್ಟು ಇನ್ನೊಂದು ನೋವು ತಂದಂತೆ.

ಕೊಳವೆಯ ದಪ್ಪವನ್ನೂ ಅಳೆಯಬೇಕು. ಸ್ಪ್ಲೆಂಡರ್, ಶೈನ್ ಮೊದಲಾದ ನಿತ್ಯದ ಗಾಡಿಗಳ ಹ್ಯಾಂಡಲು 22 ಮಿಲಿಮೀಟರಿನದು. ಬೇರೆ ಗಾಡಿಗಳಲ್ಲಿ 25.4, 28.6 ಮಿಲಿಮೀಟರಿನವೂ ಇವೆ. ದೊಡ್ಡ ಬಾಯಿಯ ರೈಸರ್ ತಂದು ಒಳಗೆ ತಗಡು ಸುತ್ತಿ ಬಿಗಿಯುವುದು ಆತ್ಮಹತ್ಯೆಗೆ ಸಮಾನ. ಕ್ಲಿಪ್‌ಆನ್ ಎಂಬ ಎರಡು ತುಂಡಿನ ಹ್ಯಾಂಡಲಿಗೂ ಸ್ಕೂಟರಿಗೂ ಈ ಬಗೆಯ ರೈಸರ್ ಹೊಂದುವುದಿಲ್ಲ.

ಬೋಲ್ಟಿನ ವಿಷಯ ಎಲ್ಲಕ್ಕಿಂತ ಮುಖ್ಯ. ಎತ್ತರ ಹೆಚ್ಚಿದಷ್ಟೂ ಬೋಲ್ಟು ಉದ್ದವಾಗಬೇಕು. ಹಳೆಯ ಬೋಲ್ಟಿನ ಎರಡು ಸುತ್ತು ಹಿಡಿದರೆ ಸಾಕೆನ್ನುವ ಮಿಸ್ತ್ರಿಯ ಕೈಗೆ ಗಾಡಿ ಕೊಡಬೇಡಿ. ಅಲ್ಯುಮಿನಿಯಮ್ಮಿನ ಒಳಗೆ ಬೋಲ್ಟು ತನ್ನ ದಪ್ಪದ ಒಂದೂವರೆ ಪಟ್ಟಾದರೂ ಇಳಿಯಬೇಕು. 8 ಮಿಲಿಮೀಟರಿನ ಬೋಲ್ಟಾದರೆ 12 ಮಿಲಿಮೀಟರ್. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಗುರುತು ಇರುತ್ತದೆ. ಅದು ಅದರ ಗಟ್ಟಿತನದ ಗುರುತು. ಕಳಚಿದ ಬೋಲ್ಟಿನ ಗುರುತಿಗಿಂತ ಕಡಿಮೆಯದನ್ನು ಹಾಕಬಾರದು. ರೈಸರಿನ ಮೇಲೆ ರೈಸರ್ ಪೇರಿಸಬಾರದು, ವಾಷರುಗಳನ್ನು ಕಟ್ಟಿ ಎತ್ತರ ಮಾಡಬಾರದು. ಎಷ್ಟು ಬಿಗಿಯಬೇಕೆಂಬುದು ಗಾಡಿಯ ಸರ್ವೀಸ್ ಪುಸ್ತಕದಲ್ಲಿದೆ. ಆ ಲೆಕ್ಕಕ್ಕೆ ಬಿಗಿಯುವ ಟಾರ್ಕ್ ಸ್ಪ್ಯಾನರ್ ಇರುವ ಗ್ಯಾರೇಜಿಗೇ ಹೋಗಬೇಕು.

ಕೂಡಿಸಿದ ಕೂಡಲೇ ರಸ್ತೆಗೆ ಇಳಿಸಬೇಡಿ. ನಿಂತಲ್ಲೇ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಕ್ಲಚ್ ವೈರು, ಎಕ್ಸಿಲೇಟರ್ ವೈರು, ಬ್ರೇಕಿನ ಪೈಪು, ದೀಪದ ವೈರು ಇವುಗಳಲ್ಲಿ ಯಾವುದೂ ಎಳೆದು ಬಿಗಿಯಾಗಿರಬಾರದು. ಎಂಜಿನು ಚಾಲೂ ಇಟ್ಟು ಮತ್ತೆ ತಿರುಗಿಸಿ. ತಿರುಗಿಸುವಾಗ ಎಂಜಿನಿನ ಸದ್ದು ಏರಿದರೆ ಎಕ್ಸಿಲೇಟರ್ ವೈರು ಗಿಡ್ಡವಾಗಿದೆ ಎಂದು ಅರ್ಥ. ನಿಲ್ದಾಣದ ಎದುರು ಗಾಡಿ ತಿರುಗಿಸುವಾಗ ಅದು ತಾನಾಗಿ ಮುಂದೆ ಹಾರಿದರೆ ಯಾರ ಗತಿ ಏನು? ಮುಂದಿನ ಬ್ರೇಕು ಹಿಡಿದು ಫೋರ್ಕನ್ನು ಒತ್ತಿಯೂ ನೋಡಬೇಕು. ಬ್ರೇಕು ಎಣ್ಣೆಯ ಡಬ್ಬಿ ಓರೆಯಾಗದೆ ಮಟ್ಟವಾಗಿರಬೇಕು. ಹ್ಯಾಂಡಲು ಟಾಂಕಿಗೆ ತಗಲಬಾರದು. ಕನ್ನಡಿಗಳನ್ನು ಹೊಸದಾಗಿ ಹೊಂದಿಸಬೇಕು. ಸುಮಾರು 50 ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ವೈರು ಸಾಲದಿದ್ದರೆ ಉದ್ದದ ವೈರು ಹಾಕಿಸಿ, ಇಲ್ಲವೆ ಗಿಡ್ಡ ರೈಸರ್ ಹಾಕಿಸಿ. ಎಳೆದು ಕಟ್ಟುವ ಮೂರನೆಯ ದಾರಿ ಇಲ್ಲ.

ಕಾನೂನಿನ ಮಾತನ್ನೂ ಮರೆಯಬಾರದು. ಗಾಡಿ ತಯಾರಿಸಿದವರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಲ್ಲಿದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿದಿದೆ. ಆದುದರಿಂದ ಹಾಕಿಸುವ ಮುಂಚೆ ಗಾಡಿಯ ಕಂಪನಿಯ ಸರ್ವೀಸ್ ಕೇಂದ್ರದಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿರಿ. ಬಿಲ್ಲು ಇಟ್ಟುಕೊಳ್ಳಿ. ಕಳಚಿದ ಹಳೆಯ ಕ್ಲ್ಯಾಂಪನ್ನು ಗುಜರಿಗೆ ಹಾಕಬೇಡಿ. ಗಾಡಿ ಮಾರುವಾಗಲೂ ತಪಾಸಣೆಗೆ ನಿಲ್ಲಿಸಿದಾಗಲೂ ಅದು ಬೇಕಾದೀತು.

ಇನ್ನು ಸಂಘದ ಮಾತು. ಈ ಖರ್ಚು ಯಾರದು? ಹೋಟೆಲಿನ ಗಾಡಿಯಲ್ಲಿ ಹೋಗುವ ಹುಡುಗನ ಹ್ಯಾಂಡಲನ್ನು ಸರಿಪಡಿಸುವುದು ಧಣಿಗಳ ಹೊಣೆ. ಗ್ರೈಂಡರಿನ ಕಲ್ಲು ಸವೆದರೆ ರುಬ್ಬುವವನ ಸಂಬಳದಿಂದ ಹಿಡಿಯುತ್ತಾರೆಯೇ? ಮೊಬೈಲಿನ ಕಂಪನಿಗಳಿಗೆ ದುಡಿಯುವವರು ಸ್ವಂತ ಗಾಡಿ, ಸ್ವಂತ ಪೆಟ್ರೋಲು, ಸ್ವಂತ ಮೈ ಮೂರನ್ನೂ ತಾವೇ ತರುತ್ತಾರೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇಂತಹ ಕೆಲಸಗಾರರ ಹೆಸರು ಬಂತು. ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ರಾಜಸ್ಥಾನ 2023ರಲ್ಲಿ, ನಮ್ಮ ಕರ್ನಾಟಕ 2025ರಲ್ಲಿ ಅವರಿಗಾಗಿಯೇ ಕಾಯಿದೆ ಮಾಡಿದವು. ಒಳ್ಳೆಯದೇ. ಈ-ಶ್ರಮದಲ್ಲಿ ಹೆಸರು ಬರೆಸದವರು ಈ ವಾರವೇ ಬರೆಸಿರಿ. ಆದರೆ ಕಾಯಿದೆ ಬಂದು ನಮ್ಮ ಹ್ಯಾಂಡಲನ್ನು ಎತ್ತುವುದಿಲ್ಲ. ಅದನ್ನು ನಾವೇ ಎತ್ತಬೇಕು, ಕೂಡಿ ಎತ್ತಬೇಕು.

ಅದಕ್ಕಾಗಿ ನಮ್ಮ ಸೂಚನೆ ಮೂರು. ಸಂಘದ ಕೋಣೆಯಲ್ಲಿ ಒಂದು ಅಳತೆ ಟೇಪು, ಒಂದು ಟಾರ್ಕ್ ಸ್ಪ್ಯಾನರ್ ಇರಲಿ. ಬೋಲ್ಟು ಪರೀಕ್ಷಿಸಲು ಎಲ್ಲರಿಗೂ ಉಪಯೋಗವಾಗುತ್ತದೆ. ತಿಂಗಳಿಗೊಂದು ದಿನ ಅಳತೆಯ ದಿನವೆಂದು ಗೊತ್ತುಮಾಡಿ ಒಬ್ಬರ ಅಳತೆಯನ್ನು ಒಬ್ಬರು ತೆಗೆಯೋಣ. ನಂಬಿಕೆಯ ಗ್ಯಾರೇಜೊಂದಕ್ಕೆ ಹತ್ತು ಮಂದಿ ಒಟ್ಟಿಗೆ ಹೋದರೆ ದರವೂ ಇಳಿದೀತು. ಮೂರನೆಯದು, ಯಾರಿಗೆ ಎಲ್ಲಿ ನೋವು, ದಿನಕ್ಕೆ ಎಷ್ಟು ಗಂಟೆ ಸವಾರಿ ಎಂಬುದನ್ನು ಒಂದು ವಹಿಯಲ್ಲಿ ಬರೆದಿಡೋಣ. ನಾಳೆ ಧಣಿಗಳ ಮುಂದೆ, ಕಂಪನಿಯವರ ಮುಂದೆ ಕೂತಾಗ ಬಾಯಿಮಾತಿಗಿಂತ ಆ ವಹಿಗೆ ತೂಕ ಹೆಚ್ಚು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಖರ್ಚಿನ ವಿಷಯದಲ್ಲಿ ಆ ಮಾತು ಸರಿ. ದುಡಿಮೆಯ ವಿಷಯದಲ್ಲಿ ಹಾಗಲ್ಲ. ದುಡಿಯುವ ಸಾಧನ ನಮ್ಮ ಮೈಗೆ ಹೊಂದಬೇಕೇ ಹೊರತು ನಮ್ಮ ಮೈಯನ್ನು ಮುರಿದು ಸಾಧನಕ್ಕೆ ಹೊಂದಿಸಬಾರದು. ಊರಿನಲ್ಲಿ ಹಣದ ದಾರಿ ಕಾಯುವ ತಾಯಂದಿರಿಗೆ ಆ ಹಣದಷ್ಟೇ ಬೇಕಾದದ್ದು ಮಗನ ನೆಟ್ಟಗಿನ ಬೆನ್ನು. ಅಳತೆಯ ದಿನಕ್ಕೆ ಹೆಸರು ಕೊಡುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಯವರನ್ನು ಕಾಣಬೇಕೆಂದು ಕೋರಿ ಮಾತು ಮುಗಿಸುತ್ತೇವೆ.