ಮರೆಮಾಚುವ ಬಣ್ಣ, ಮರೆಯಬಾರದ ಗುರುತು

(ಶತಮಾನೋತ್ಸವದ ವಸ್ತುಪ್ರದರ್ಶನದ ಸಂದರ್ಭದಲ್ಲಿ ಮಾಡಿದ ಭಾಷಣದ ಪಠ್ಯ)



ಪ್ರದರ್ಶನದ ಕೊಠಡಿಯಲ್ಲಿ ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ಮರದ ವಿಮಾನವಿದೆ. ತಾವೆಲ್ಲರೂ ಅದನ್ನು ನೋಡಿರಬಹುದು. ಅದನ್ನು ಮಾಡಿದವರು ಕರಕುಶಲ ತರಗತಿಯ ಮಕ್ಕಳು. ಪಕ್ಕದಲ್ಲಿ ಕುಳಿತು ಕೈಜೋಡಿಸಿದವರು ಹಳೆಯ ವಿದ್ಯಾರ್ಥಿಗಳಾದ ನಾವು. ಪ್ರದರ್ಶನದ ಮೊದಲ ದಿನ ಊರಿನ ಹಿರಿಯರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತು, "ವಿದ್ಯಾಮಂದಿರದಲ್ಲಿ ಬಾಂಬು ಹಾಕುವ ವಿಮಾನಕ್ಕೇನು ಕೆಲಸ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅಂದು ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಇಂದು ಆ ಉತ್ತರವನ್ನು ತಮ್ಮೆಲ್ಲರ ಮುಂದೆ ಒಪ್ಪಿಸಬಯಸುತ್ತೇವೆ.

ಶಾಲೆಯ ನೂರು ವರ್ಷಗಳನ್ನು ನೆನೆಯುವಾಗ ಎರಡನೆಯ ಮಹಾಯುದ್ಧದ ಕಾಲವೂ ನೆನಪಾಗಬೇಕೆಂದು ಮಕ್ಕಳೇ ಸೂಚಿಸಿದರು. ಆಗ ನಮ್ಮ ಮಾರಂಡಹಳ್ಳಿ ಸೇಲಂ ಜಿಲ್ಲೆಗೆ ಸೇರಿತ್ತು. ಧರ್ಮಪುರಿ ಜಿಲ್ಲೆಯಾದದ್ದು 1965ರಲ್ಲಿ. ಮೊರಪ್ಪೂರಿನಿಂದ ಧರ್ಮಪುರಿಯ ಮಾರ್ಗವಾಗಿ ಹೊಸೂರಿಗೆ ಓಡುತ್ತಿದ್ದ ಕಿರುಗೇಜಿನ ರೈಲು ಆ ಯುದ್ಧದ ನಡುವೆಯೇ, 1941ರಲ್ಲಿ, ನಿಂತುಹೋಯಿತು. ಅತ್ತ ಬೆಂಗಳೂರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಯುದ್ಧವಿಮಾನಗಳ ದುರಸ್ತಿಯಲ್ಲಿ ಮುಳುಗಿತ್ತು. ಇತ್ತ ತಿರುಚಿರಾಪಳ್ಳಿಯಲ್ಲಿ 1942ರ ಡಿಸೆಂಬರಿನಲ್ಲಿ ಭಾರತೀಯ ವಾಯುಪಡೆಯ ಎಂಟನೆಯ ಸ್ಕ್ವಾಡ್ರನ್ ಹುಟ್ಟಿತು. ಅದಕ್ಕೂ ವಿಶಾಖಪಟ್ಟಣದಲ್ಲಿ ರೂಪುಗೊಂಡ ಏಳನೆಯ ಸ್ಕ್ವಾಡ್ರನ್ನಿಗೂ ದೊರೆತದ್ದು ಅಮೆರಿಕದಲ್ಲಿ ತಯಾರಾದ ವಲ್ಟೀ ವೆಂಜೆನ್ಸ್ ಎಂಬ ಬಾಂಬರ್. ಇಬ್ಬರು ಕೂರುವ, ಆಕಾಶದಿಂದ ನೆಟ್ಟಗೆ ಕೆಳಕ್ಕೆ ಧುಮುಕಿ ಬಾಂಬು ಹಾಕುವ ವಿಮಾನವದು. ಮೇಜಿನ ಮೇಲಿರುವುದು ಅದರ ಪ್ರತಿರೂಪವೇ.

ಅಸಲು ವಿಮಾನದ ರೆಕ್ಕೆಗಳ ಅಗಲ 48 ಅಡಿ. ಒಂದು ಅಡಿಗೆ ಅರ್ಧ ಅಂಗುಲದ ಲೆಕ್ಕ ಹಿಡಿದಾಗ ನಮ್ಮ ಮಾದರಿ 24 ಅಂಗುಲವಾಯಿತು. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆಮರದಲ್ಲಿ ಒಡಲನ್ನು ಕೆತ್ತಿ, ಉಜ್ಜಿ, ನಯಮಾಡಿದೆವು. ಮರಗೆಲಸ ಕಷ್ಟವಾಗಲಿಲ್ಲ. ಕಷ್ಟವಾದದ್ದು ಬಣ್ಣ.

ಮರೆಮಾಚುವ ಬಣ್ಣವೆಂದರೆ ಹಸಿರನ್ನೂ ಕಂದನ್ನೂ ಮನಸ್ಸಿಗೆ ಬಂದಂತೆ ಎರಚುವುದೆಂದು ಮಕ್ಕಳು ಭಾವಿಸಿದ್ದರು. ನಾವೂ ಹಾಗೆಯೇ ಭಾವಿಸಿದ್ದೆವು. ಆದ್ದರಿಂದ ಮೊದಲು ಮಕ್ಕಳನ್ನು ಚಿನ್ನಾರ್ ಹೊಳೆಯ ದಡಕ್ಕೆ ಕರೆದೊಯ್ದೆವು. ಅಲ್ಲಿ ಹಿಡಿದ ಮೀನನ್ನು ನೋಡಿದರೆ ಅದರ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಮೇಲಿನಿಂದ ಎರಗುವ ಹಕ್ಕಿಗೆ ಬೆನ್ನು ನೀರಿನ ಕತ್ತಲಲ್ಲಿ ಕರಗುತ್ತದೆ. ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಹೊಟ್ಟೆ ಆಕಾಶದ ಬೆಳಕಿನಲ್ಲಿ ಕರಗುತ್ತದೆ. ವಿಮಾನದ ಕೆಳಮೈಗೆ ತಿಳಿಬಣ್ಣ, ಮೇಲ್ಮೈಗೆ ಕಡುಬಣ್ಣ ಬಳಿಯುವುದು ಇದೇ ಕಾರಣಕ್ಕೆ.

ಬಳಿಕ ಗುಡ್ಡವೇರಿ ಕೆಳಗಿನ ಹೊಲಗಳನ್ನು ನೋಡಿದೆವು. ರಾಗಿಯ ಹಸಿರು, ಉತ್ತ ಕೆಮ್ಮಣ್ಣು, ಮಾವಿನ ತೋಪಿನ ಕಡುನೆರಳು, ಎಲ್ಲವೂ ತೇಪೆ ಹಾಕಿದ ಕೌದಿಯಂತೆ ಕಂಡವು. ವೆಂಜೆನ್ಸ್ ವಿಮಾನದ ಬೆನ್ನಿಗೆ ಕಡುಹಸಿರು ಮತ್ತು ಕಡುಗಂದು ಬಣ್ಣಗಳ ಅಂಕುಡೊಂಕಾದ ಪಟ್ಟೆಗಳಿದ್ದವು. ಆ ಪಟ್ಟೆಗಳು ಒಡಲಿನಿಂದ ರೆಕ್ಕೆಗೆ ಮುರಿಯದೆ ಹರಿಯುತ್ತವೆ. ರೆಕ್ಕೆ ಎಲ್ಲಿ ಮುಗಿಯಿತು, ಒಡಲು ಎಲ್ಲಿ ಮೊದಲಾಯಿತು ಎಂಬುದು ಕಣ್ಣಿಗೆ ತಿಳಿಯಬಾರದು. ಆಕಾರದ ಅಂಚನ್ನು ಒಡೆಯುವುದೇ ಈ ವಿದ್ಯೆಯ ಜೀವಾಳ.

ತಿಳಿಬಣ್ಣವನ್ನು ಮೊದಲು ಕೆಳಮೈಗೆ ಬಳಿದು ಒಣಗಿಸಿದೆವು. ಮೇಲ್ಮೈಗೆಲ್ಲ ಕಂದು ಬಳಿದು, ಕಂದು ಉಳಿಯಬೇಕಾದ ಕಡೆ ಕಲಸಿದ ಹಿಟ್ಟನ್ನು ಒತ್ತಿ, ಉಳಿದ ಭಾಗಕ್ಕೆ ಹಸಿರು ಬಳಿದು, ಹಿಟ್ಟನ್ನು ಕಿತ್ತೆವು. ಮೊದಲ ಸಲ ನಾವು ತಂದ ಬಣ್ಣ ಮಿರಮಿರನೆ ಹೊಳೆಯುವಂಥದ್ದು. ಬಿಸಿಲಿಗೆ ಹಿಡಿದೊಡನೆ ಅಡಗಬೇಕಾದ ವಿಮಾನ ಕನ್ನಡಿಯಂತೆ ಮಿನುಗಿತು. ಉಪ್ಪುಕಾಗದದಿಂದ ಎಲ್ಲವನ್ನೂ ಉಜ್ಜಿ ತೆಗೆದು, ಹೊಳಪಿಲ್ಲದ ಗೋಡೆಯ ಬಣ್ಣದಿಂದ ಮತ್ತೆ ಆರಂಭಿಸಿದೆವು. ಎರಡನೆಯ ಸಲ ಬಣ್ಣ ತೀರಾ ಗಾಢವಾಯಿತು. ಮೂರು ಅಡಿ ದೂರದಿಂದ ಈ ಮಾದರಿಯನ್ನು ನೋಡುವುದೂ 72 ಅಡಿ ದೂರದಿಂದ ಅಸಲು ವಿಮಾನವನ್ನು ನೋಡುವುದೂ ಒಂದೇ ಅಳತೆಯ ನೋಟ. ದೂರದ ವಸ್ತುವಿನ ಬಣ್ಣ ನಡುವಣ ಗಾಳಿಯಿಂದಾಗಿ ತುಸು ಮಾಸಿ ಕಾಣುತ್ತದೆ. ಆದ್ದರಿಂದ ಪ್ರತಿ ಬಣ್ಣಕ್ಕೂ ಚೂರು ಬಿಳಿ ಬೆರೆಸಬೇಕಾಯಿತು. ಲೆಕ್ಕದ ಪಾಠವೂ ಬೆಳಕಿನ ಪಾಠವೂ ಕುಂಚದ ತುದಿಯಲ್ಲಿಯೇ ನಡೆದವು.

ಕೊನೆಗೆ ಉಳಿದದ್ದು ಗುರುತಿನ ವರ್ತುಲ. ನೀಲಿಯೊಳಗೆ ಬಿಳಿ, ಬಿಳಿಯೊಳಗೆ ಕೆಂಪು ಎಂದು ನಾವೇ ಹೇಳಿಕೊಟ್ಟೆವು. ಮಕ್ಕಳು ಕೈವಾರ ಹಿಡಿದು ಅಂದವಾಗಿ ಬರೆದರು. ಆಮೇಲೆ ಓದಿ ನೋಡಿದಾಗ ನಮ್ಮ ತಪ್ಪು ತಿಳಿಯಿತು. ಜಪಾನಿ ವಿಮಾನಗಳ ಗುರುತು ಕೆಂಪು ಸೂರ್ಯ. ಅವಸರದ ಕಾಳಗದಲ್ಲಿ ನಡುವಣ ಕೆಂಪು ಚುಕ್ಕೆಯೊಂದನ್ನೇ ಕಂಡು ತಮ್ಮವರೇ ತಮ್ಮವರ ಮೇಲೆ ಗುಂಡು ಹಾರಿಸುವ ಅಪಾಯವಿತ್ತು. ಅದಕ್ಕಾಗಿ 1943ರಲ್ಲಿ ಭಾರತ ಮತ್ತು ಬರ್ಮಾ ರಂಗದ ವಿಮಾನಗಳಿಂದ ಕೆಂಪನ್ನು ತೆಗೆದುಹಾಕಲಾಯಿತು. ಕಡುನೀಲಿಯ ನಡುವೆ ಬಿಳಿ, ಮುಂದೆ ತಿಳಿನೀಲಿ ಬಂದಿತು. ನಾವು ತಪ್ಪೊಪ್ಪಿಕೊಂಡು ಮಕ್ಕಳೊಂದಿಗೆ ಕುಳಿತು ಕೆಂಪನ್ನು ಅಳಿಸಿದೆವು.

ಆಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಇಷ್ಟು ಕಷ್ಟಪಟ್ಟು ಅಡಗಿಸಿದ ಮೇಲೆ, ಎಲ್ಲರಿಗೂ ಕಾಣುವಂತೆ ಗುರುತು ಯಾಕೆ ಹಾಕಬೇಕು?"

ಸಭಿಕರೇ, ನಮ್ಮ ಇಡೀ ಕೆಲಸದ ಸಾರ ಈ ಪ್ರಶ್ನೆಯಲ್ಲಿದೆ. ಬಣ್ಣ ಇರುವುದು ಶತ್ರುವಿನ ಕಣ್ಣಿಗಾಗಿ, ಗುರುತು ಇರುವುದು ಸ್ವಜನರ ಕಣ್ಣಿಗಾಗಿ. ಗುರುತಿಲ್ಲದ ವಿಮಾನ ತನ್ನವರಿಂದಲೇ ಹತವಾಗಬಹುದು. ಇನ್ನೊಂದು ಕಾರಣವೂ ಉಂಟು. ಗುರುತು ಧರಿಸಿದವನು ತಾನು ಮಾಡಿದ್ದಕ್ಕೆ ಉತ್ತರ ಹೇಳಬೇಕಾಗುತ್ತದೆ. 1944ರಲ್ಲಿ ಏಳನೆಯ ಸ್ಕ್ವಾಡ್ರನ್ನಿನ ವೆಂಜೆನ್ಸ್ ವಿಮಾನಗಳು ಅಸ್ಸಾಮಿನ ಕುಂಭೀರ್‌ಗ್ರಾಮದಿಂದ ಹಾರಿ ಇಂಫಾಲದ ರಕ್ಷಣೆಗೆ ನೆರವಾದವು. ಆ ಕಾಳಗದಲ್ಲಿ ಜಪಾನೀಯರ ಜೊತೆಗೆ ನೇತಾಜಿಯವರ ಆಜಾದ್ ಹಿಂದ್ ಸೇನೆಯೂ ಇತ್ತು. ಎರಡೂ ಕಡೆ ಭಾರತೀಯರೇ ಇದ್ದರು. ಇದನ್ನು ಮಕ್ಕಳಿಗೆ ಹೇಳಿದಾಗ ಕೊಠಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಹಿರಿಯರ ಪ್ರಶ್ನೆಗೆ ಈಗ ಉತ್ತರಿಸುತ್ತೇವೆ. ಈ ವಿಮಾನವನ್ನು ಮೆರೆಸಲೆಂದು ಇಟ್ಟಿಲ್ಲ. ಬಣ್ಣ ಏನನ್ನು ಮುಚ್ಚುತ್ತದೆಯೋ ಅದನ್ನು ತೆರೆದು ತೋರಿಸುವುದು ಶಾಲೆಯ ಕೆಲಸ. ಆದ್ದರಿಂದಲೇ ಮಾದರಿಯ ಪಕ್ಕದ ಫಲಕದಲ್ಲಿ, ಅಳತೆ ಮತ್ತು ಇಸವಿಗಳ ಕೆಳಗೆ, ಮಕ್ಕಳು ಹಿರಿಯರ ಪ್ರಶ್ನೆಯನ್ನು ಕೇಳಿದ ಮೇಲೆ ತಾವಾಗಿಯೇ ಒಂದು ಸಾಲು ಸೇರಿಸಿದ್ದಾರೆ: "ಈ ವಿಮಾನ ಹಾಕಿದ ಬಾಂಬುಗಳ ಕೆಳಗೂ ಮನುಷ್ಯರಿದ್ದರು." ಆ ಸಾಲು ಕನ್ನಡದಲ್ಲಿಯೂ ಇದೆ, ತಮಿಳಿನಲ್ಲಿಯೂ ಇದೆ.

ಕೊನೆಯದಾಗಿ ಪಾಲಕರಲ್ಲಿ ಒಂದು ಮಾತು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಕೆಲವು ನೆಂಟರ ಅಂಗಳದಲ್ಲಿ ತೆಲುಗು ಆಡುತ್ತ ಬೆಳೆಯುವವರು. ನೆಲದ ಬಣ್ಣದೊಂದಿಗೆ ಬೆರೆಯುವ ಈ ಜಾಣ್ಮೆ ನಮಗೆ ತಲೆತಲಾಂತರದಿಂದ ಬಂದದ್ದು; ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ತಮಿಳನ್ನು ಚೆನ್ನಾಗಿ ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ. ಆದರೆ ಈಚೆಗೆ ನಮ್ಮಲ್ಲಿ ಕೆಲವರು ಮಕ್ಕಳಿಗೆ ಕನ್ನಡದಲ್ಲಿ ಹೆಸರು ಬರೆಯುವುದನ್ನು ಕಲಿಸುವುದಕ್ಕೂ ಹಿಂಜರಿಯುತ್ತಿದ್ದೇವೆ. ಬಣ್ಣ ಬಳಿಯುವ ಭರದಲ್ಲಿ ಗುರುತನ್ನೂ ಬಳಿದುಬಿಟ್ಟರೆ ನಮ್ಮವರು ನಮ್ಮನ್ನು ಗುರುತಿಸುವುದು ಹೇಗೆ? ಈ ಶಾಲೆ ನೂರು ವರ್ಷ ಉಳಿದದ್ದು ಬೆರೆತೂ ಗುರುತು ಉಳಿಸಿಕೊಂಡವರಿಂದ.

ಮನೆಗೆ ಹೋಗುವ ಮುನ್ನ ತಾವು ಆ ವಿಮಾನವನ್ನು ಇನ್ನೊಮ್ಮೆ ನೋಡಬೇಕೆಂದು ವಿನಂತಿ. ಎಡರೆಕ್ಕೆಯ ಮೇಲಿನ ವರ್ತುಲವನ್ನು ಹತ್ತಿರದಿಂದ ನೋಡಿದರೆ, ನಾವು ಅಳಿಸಿದ ಕೆಂಪಿನ ಛಾಯೆ ಬಿಳಿಯ ಕೆಳಗೆ ಇನ್ನೂ ತುಸು ಕಾಣುತ್ತದೆ. ಅದನ್ನು ಪೂರ್ತಿ ಮುಚ್ಚೋಣವೆಂದು ನಾವು ಹೇಳಿದೆವು. ಮಕ್ಕಳು ಬೇಡವೆಂದರು.